ಅವರು ಕಳಿಸಿದ್ದೆಷ್ಟು, ನಮಗೆ ಬಂದಿದ್ದೆಷ್ಟು? ಆಮದು-ರಫ್ತು ಅಂಕಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಅನುಮಾನದವು. ಒಂದು ದೇಶ ಇಷ್ಟು ಕಳಿಸಿದೆವು ಅನ್ನುತ್ತದೆ. ಇನ್ನೊಂದು ದೇಶ ಬಂದಿದ್ದು ಇಷ್ಟೇ ಅನ್ನುತ್ತದೆ. ಎರಡೂ ಸರ್ಕಾರಿ ಅಂಕಿಗಳೇ. ಹಾಗಾದರೆ ನಡುವಿನದು ಎಲ್ಲಿ ಹೋಯಿತು? ಪಣಂಬೂರಿನ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ ಬಹಳ ವರ್ಷ ಬಿಲ್ ಆಫ್ ಎಂಟ್ರಿ (ಆಮದಿನ ಕಾಗದ), ಶಿಪ್ಪಿಂಗ್ ಬಿಲ್ (ರಫ್ತಿನ ಕಾಗದ) ತಯಾರಿಸಿದವಳು ನಾನು. ದೇಶದ ಆಮದು-ರಫ್ತಿನ ಅಂಕಿ ಹುಟ್ಟುವುದು ಆ ಕಾಗದಗಳಲ್ಲೇ. ಕಸ್ಟಮ್ಸ್‌ನಿಂದ ಅವು ದಿನದಿನದ ಲೆಕ್ಕವಾಗಿ ಕೋಲ್ಕತ್ತಾದಲ್ಲಿರುವ ಡಿಜಿಸಿಐಎಸ್ ಅನ್ನುವ ಕೇಂದ್ರ ಸರ್ಕಾರದ ವ್ಯಾಪಾರ ಅಂಕಿಅಂಶ ಕಚೇರಿಗೆ ಹೋಗುತ್ತವೆ. ಅಲ್ಲಿ ಕೂಡಿಸಿದ ಮೊತ್ತ ನಿಮ್ಮ ಪೇಪರಿಗೆ ಬರುತ್ತದೆ. ಈ ಸಲದ ಅಂಕಣ ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಸೆಮಿನಾರಿಗೆ ಭಾರತ-ಚೀನಾ ವ್ಯಾಪಾರದ ವಿಷಯ ತೆಗೆದುಕೊಂಡಿದ್ದೇನೆ. ಚೀನಾದಿಂದ ನಮಗೆ ಬಂದ ಮಾಲು ಒಂದು ಕಡೆ 117.7 ಬಿಲಿಯನ್ ಡಾಲರ್ ಅಂತಿದೆ, ಇನ್ನೊಂದು ಕಡೆ 101.7 ಬಿಲಿಯನ್ ಅಂತಿದೆ. ಯಾವುದನ್ನು ಬರೆಯಲಿ?
ಬಿ.ಕಾಂ. ವಿದ್ಯಾರ್ಥಿನಿ, ದಾವಣಗೆರೆ

ಎರಡನ್ನೂ ಬರೆಯಿರಿ. ಆದರೆ ಪ್ರತಿ ಅಂಕಿಯ ಪಕ್ಕದಲ್ಲಿ ಯಾರು ಎಣಿಸಿದ್ದು, ಯಾವ ಅವಧಿಯದು ಅಂತ ಹಾಕಿ. 117.7 ಬಿಲಿಯನ್ ಚೀನಾ ಕಸ್ಟಮ್ಸ್‌ನ ಲೆಕ್ಕ, 2023ರ ಜನವರಿಯಿಂದ ಡಿಸೆಂಬರ್‌ವರೆಗಿನದು. 101.7 ಬಿಲಿಯನ್ ನಮ್ಮ ವಾಣಿಜ್ಯ ಸಚಿವಾಲಯದ್ದು, 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗಿನದು. ಮೂರು ತಿಂಗಳು ಅಲ್ಲೇ ಹಿಂದುಮುಂದಾಯಿತು.

ಆದರೆ ಅವಧಿ ಸರಿಮಾಡಿಕೊಂಡರೂ ವ್ಯತ್ಯಾಸ ಹೋಗುವುದಿಲ್ಲ. ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. ರಫ್ತು ಮಾಡುವ ದೇಶ ಮಾಲಿನ ಬೆಲೆಯನ್ನು ಹಡಗು ಹತ್ತಿಸುವವರೆಗೆ ಮಾತ್ರ ಎಣಿಸುತ್ತದೆ. ಅದು ಎಫ್ಓಬಿ. ಆಮದು ಮಾಡಿಕೊಳ್ಳುವ ದೇಶ ಅದಕ್ಕೆ ಹಡಗು ಬಾಡಿಗೆ, ವಿಮೆ ಸೇರಿಸುತ್ತದೆ. ಅದು ಸಿಐಎಫ್. ಅಂದಮೇಲೆ ಆಮದು ದೇಶದ ಅಂಕಿಯೇ ಜಾಸ್ತಿ ಇರಬೇಕು, ಅಲ್ವಾ? ಐಎಂಎಫ್ ಇದಕ್ಕೆ ಮೊದಲು 10 ಪರ್ಸೆಂಟ್ ಅಂತ ಒಂದು ಅಂದಾಜು ಇಟ್ಟುಕೊಂಡಿತ್ತು, ಆಮೇಲೆ 6 ಪರ್ಸೆಂಟ್‌ಗೆ ಇಳಿಸಿತು. ಭಾರತ-ಚೀನಾ ವಿಷಯದಲ್ಲಿ ಆಮದು ಮಾಡಿಕೊಂಡ ನಮ್ಮ ಅಂಕಿಯೇ ಕಡಿಮೆ ಇದೆ. ಹಾಗಾಗಿ ನಿಜವಾದ ಅಂತರ ನಿಮಗೆ ಕಾಣುವ 16 ಬಿಲಿಯನ್‌ಗಿಂತ ದೊಡ್ಡದು. ಇದನ್ನು ಸೆಮಿನಾರಿನಲ್ಲಿ ಹೇಳಿದರೆ ಕೇಳುವವರು ನಿಮ್ಮ ಕಡೆ ತಿರುಗಿ ನೋಡುತ್ತಾರೆ.

ಯಾಕೆ ಹೀಗೆ ಅಂದರೆ, ಒಂದು ಕಾರಣ ಹಾಂಗ್‌ಕಾಂಗ್. ಶೆಂಝೆನ್‌ನಲ್ಲಿ ತಯಾರಾದ ಮಾಲು ಹಾಂಗ್‌ಕಾಂಗ್ ಮೂಲಕ ಚೆನ್ನೈಗೋ ನವಾಶೇವಾಕ್ಕೋ ಬರುತ್ತದೆ. ಅಲ್ಲಿ ಇನ್‌ವಾಯ್ಸ್ ಬದಲಾಗುತ್ತದೆ. ಚೀನಾದವರು "ಭಾರತಕ್ಕೆ" ಅಂತ ಬರೆದ ಮಾಲನ್ನು ನಾವು ಹಾಂಗ್‌ಕಾಂಗ್ ಖಾತೆಗೆ ಹಾಕುವ ಸಾಧ್ಯತೆ ಇದೆ. 2023-24ರಲ್ಲಿ ಹಾಂಗ್‌ಕಾಂಗ್‌ನಿಂದ ಬಂದದ್ದು ಅಂತ ನಾವು ತೋರಿಸಿದ್ದು ಸುಮಾರು 20 ಬಿಲಿಯನ್ ಡಾಲರ್. ಇನ್ನೊಂದು ಕಾರಣ ಬೆಲೆ ಇಳಿಸಿ ತೋರಿಸುವುದು. ನಮ್ಮ ಕಡೆ ಡ್ಯೂಟಿ, ಐಜಿಎಸ್‌ಟಿ ಎರಡೂ ಬೆಲೆಯ ಮೇಲೆ ನಿಂತಿವೆ, ಹಾಗಾಗಿ ಕಡಿಮೆ ತೋರಿಸಿದವನಿಗೆ ಲಾಭ. ಚೀನಾ ಕಡೆ ರಫ್ತು ಮಾಡಿದವನಿಗೆ ವ್ಯಾಟ್ ವಾಪಸ್ ಸಿಗುತ್ತದೆ, ಅಲ್ಲಿ ಜಾಸ್ತಿ ತೋರಿಸಿದವನಿಗೆ ಲಾಭ. ಎರಡೂ ತುದಿಯಲ್ಲಿ ಅಂಕಿಯನ್ನು ವಿರುದ್ಧ ದಿಕ್ಕಿಗೆ ಎಳೆಯುವ ಕಾರಣ ಇದೆ.

ಒಂದು ಕೆಲಸ ಮಾತ್ರ ಮಾಡಬೇಡಿ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ. ಆ ಅಂಕಿಯನ್ನು ಯಾರೂ ಎಣಿಸಿಲ್ಲ.

ಪ್ರಶ್ನೆ: ಆಫ್ರಿಕಾದಿಂದ ಕಚ್ಚಾ ಗೇರುಬೀಜ ತರಿಸುವ ಸಣ್ಣ ಫ್ಯಾಕ್ಟರಿ ನಮ್ಮದು. ನಾನು ಕೊಟ್ಟ ಹಣಕ್ಕೂ ಬಿಲ್ ಆಫ್ ಎಂಟ್ರಿಯಲ್ಲಿ ಬರುವ ಬೆಲೆಗೂ ಯಾವತ್ತೂ ತಾಳೆಯಾಗುವುದಿಲ್ಲ. ನಾನು ಸುಳ್ಳು ಹೇಳಿಲ್ಲ, ಕಸ್ಟಮ್ಸ್‌ನವರೂ ಹೇಳಿಲ್ಲ. ಹಾಗಾದರೆ ಏನಿದು?
ಗೇರು ಕಾರ್ಖಾನೆ ಮಾಲೀಕರು, ಕಾರ್ಕಳ

ನಿಮ್ಮ ಪತ್ರ ಓದಿ ಖುಷಿಯಾಯಿತು. ಯಾರೂ ಸುಳ್ಳು ಹೇಳದೆಯೂ ಅಂಕಿ ಬೇರೆಯಾಗುತ್ತದೆ ಅನ್ನುವುದನ್ನು ಜನ ಸುಲಭಕ್ಕೆ ಒಪ್ಪುವುದಿಲ್ಲ. ಒಂದು ಟನ್ ಗೇರುಬೀಜ ತೆಗೆದುಕೊಳ್ಳೋಣ. ಲೆಕ್ಕ ತಿಳಿಯಲಿ ಅಂತ ಅಂಕಿ ನಾನೇ ಹಾಕುತ್ತಿದ್ದೇನೆ. ಎಫ್ಓಬಿ 1,200 ಡಾಲರ್. ಹಡಗು ಬಾಡಿಗೆ 100, ವಿಮೆ 6. ಆ ದೇಶದ ರಫ್ತು ಲೆಕ್ಕದಲ್ಲಿ 1,200. ನಮ್ಮ ಆಮದು ಲೆಕ್ಕದಲ್ಲಿ 1,306. ಇಲ್ಲಿಯವರೆಗೆ ಸರಿ.

ಬಾಡಿಗೆ, ವಿಮೆ ಎಷ್ಟಾಯಿತು ಅಂತ ಗೊತ್ತಾಗದಿದ್ದರೆ? ಆಗ 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮ ಬರುತ್ತದೆ. ಬಾಡಿಗೆಗೆ ಎಫ್ಓಬಿಯ 20 ಪರ್ಸೆಂಟ್, ವಿಮೆಗೆ 1.125 ಪರ್ಸೆಂಟ್ ಸೇರಿಸಬೇಕು. ಅಂದರೆ 240 ಮತ್ತು 13.50. ಅದೇ ಒಂದು ಟನ್ ಗೇರುಬೀಜ ಈಗ 1,453.50 ಡಾಲರ್ ಆಯಿತು. ಈ ಹೆಚ್ಚಿನ ಹಣ ಯಾರ ಕೈಯಿಂದಲೂ ಹೋಗಿಲ್ಲ, ಯಾರ ಕೈಗೂ ಬಂದಿಲ್ಲ. ಆದರೆ ದೇಶದ ಆಮದು ಮೊತ್ತದಲ್ಲಿ ಕೂತಿತು. 2017ರವರೆಗೆ ಇದರ ಮೇಲೆ ಇನ್ನೂ 1 ಪರ್ಸೆಂಟ್ ಲ್ಯಾಂಡಿಂಗ್ ಚಾರ್ಜ್ ಅಂತ ಹಾಕುತ್ತಿದ್ದೆವು. ಆಮೇಲೆ ಅದನ್ನು ತೆಗೆದರು. ಹೀಗೆ ನಿಯಮ ಬದಲಾದಾಗಲೂ ಅಂಕಿ ಬದಲಾಗುತ್ತದೆ, ಮಾಲು ಮಾತ್ರ ಅದೇ. ಡಾಲರನ್ನು ರೂಪಾಯಿಗೆ ತಿರುಗಿಸುವುದೂ ನಿಮ್ಮ ಬ್ಯಾಂಕಿನ ದರದಲ್ಲಲ್ಲ. ಕಸ್ಟಮ್ಸ್‌ನವರು ತಿಂಗಳಿಗೆ ಎರಡು ಸಲ ಪ್ರಕಟಿಸುವ ದರದಲ್ಲಿ.

ತೂಕದ ಕಥೆ ನಿಮಗೇ ಗೊತ್ತು. ಪಶ್ಚಿಮ ಆಫ್ರಿಕಾದಲ್ಲಿ ತುಂಬಿದ ಚೀಲ ಇಲ್ಲಿಗೆ ಬರುವಷ್ಟರಲ್ಲಿ ತೇವ ಇಳಿದು ತೂಕ ಕಡಿಮೆಯಾಗಿರುತ್ತದೆ. ಇಲ್ಲಿ ಇಳಿದಾಗ ತೂಗಿದ ಲೆಕ್ಕದಲ್ಲಿ ನೀವು ಬೆಲೆಗೆ ಜಗಳ ಆಡುವುದೂ ಅದಕ್ಕೇ ತಾನೇ. ಮಾರ್ಚ್ ಕೊನೆಗೆ ಐವರಿ ಕೋಸ್ಟ್‌ನ ಅಬಿಜಾನ್ ಬಂದರು ಬಿಟ್ಟ ಹಡಗು ನಮಗೆ ಸಿಗುವುದು ಹೊಸ ಆರ್ಥಿಕ ವರ್ಷದಲ್ಲಿ. ಇನ್ನು ಐವರಿ ಕೋಸ್ಟ್‌ನ ಬೀಜ ರಾತ್ರೋರಾತ್ರಿ ಗಡಿ ದಾಟಿ ಘಾನಾ ಸೇರುವುದು ಆ ಭಾಗದಲ್ಲಿ ಹಳೆಯ ಸಮಸ್ಯೆ. ಅದು ಘಾನಾದ ಮಾಲಾಗಿ ಹಡಗು ಹತ್ತುತ್ತದೆ. ನೀವು ಪೂರ್ತಿ ಪ್ರಾಮಾಣಿಕರಾಗಿ "ಘಾನಾ" ಅಂತ ಬರೆಸುತ್ತೀರಿ. ಬೆಳೆದವನು ಮಾತ್ರ ಆಚೆ ಊರಿನವನು.

ಪ್ರಶ್ನೆ: ನಮ್ಮ ಕಾಫಿ ಬೆಲ್ಜಿಯಂಗೆ ಇಷ್ಟೊಂದು ಹೋಗುತ್ತದೆ ಅಂತ ಓದಿದೆ. ಅಷ್ಟು ಸಣ್ಣ ದೇಶದವರು ಅಷ್ಟು ಕಾಫಿ ಕುಡಿಯುತ್ತಾರಾ?
ಕಾಫಿ ಬೆಳೆಗಾರರ ಮಗ, ಸಕಲೇಶಪುರ

ಕುಡಿಯುವುದಿಲ್ಲ. ಆಂಟ್‌ವರ್ಪ್ ಬಂದರಿನಲ್ಲಿ ಕಾಫಿ ಇಡುವ ದೊಡ್ಡ ದೊಡ್ಡ ಗೋದಾಮುಗಳಿವೆ. ಅಲ್ಲಿ ಇಳಿದ ಚೀಲ ಆಮೇಲೆ ಜರ್ಮನಿಗೋ ಫ್ರಾನ್ಸ್‌ಗೋ ಹೋಗುತ್ತದೆ. ನಮ್ಮ ಶಿಪ್ಪಿಂಗ್ ಬಿಲ್ ತಯಾರಿಸುವಾಗ ಗೊತ್ತಿರುವುದು ಆಂಟ್‌ವರ್ಪ್ ಮಾತ್ರ. ಹಾಗಾಗಿ ಬೆಲ್ಜಿಯಂ ಅಂತಲೇ ಬೀಳುತ್ತದೆ. ನೆದರ್‌ಲ್ಯಾಂಡ್ಸ್‌ನದೂ ಇದೇ ಕಥೆ. ಅದಕ್ಕೆ ರಾಟರ್‌ಡ್ಯಾಮ್ ಪರಿಣಾಮ ಅಂತ ಹೆಸರೇ ಇದೆ. 2022-23ರಲ್ಲಿ ನೆದರ್‌ಲ್ಯಾಂಡ್ಸ್ ನಮ್ಮ ರಫ್ತಿನಲ್ಲಿ ಅಮೆರಿಕ, ಯುಎಇ ಬಿಟ್ಟರೆ ಮೂರನೇ ಜಾಗಕ್ಕೆ ಬಂತು. ಹೋಗಿದ್ದರಲ್ಲಿ ದೊಡ್ಡ ಪಾಲು ಡೀಸೆಲ್‌ನಂಥ ಸಂಸ್ಕರಿಸಿದ ತೈಲ. ಅದೆಲ್ಲ ಅಲ್ಲೇ ಉರಿದಿದ್ದಲ್ಲ, ಯುರೋಪ್ ಪೂರ್ತಿ ಹಂಚಿಕೆಯಾಗಿದ್ದು.

ನಿಮಗೆ ಇನ್ನೊಂದು ವಿಷಯ ಹೇಳಬೇಕು. ಕಾಫಿ ಬೋರ್ಡಿನ ರಫ್ತು ಅಂಕಿಯನ್ನೂ ಡಿಜಿಸಿಐಎಸ್ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ಗಾಬರಿಯಾಗಬೇಡಿ. ಬೋರ್ಡ್ ನೋಡುವುದು ತಾನು ಕೊಟ್ಟ ರಫ್ತು ಪರ್ಮಿಟ್. ಕಸ್ಟಮ್ಸ್ ನೋಡುವುದು ಹಡಗು ಹತ್ತಿದ ಮಾಲು. ಹೊರಗಿನಿಂದ ಕಾಫಿ ತಂದು, ಇಲ್ಲಿ ಇನ್‌ಸ್ಟಂಟ್ ಪುಡಿ ಮಾಡಿ ಮತ್ತೆ ಕಳಿಸುವುದೂ ಬೋರ್ಡಿನ ಒಟ್ಟು ಮೊತ್ತದಲ್ಲಿ ಇರುತ್ತದೆ. ನಮ್ಮ ತೋಟದ ಕಾಫಿ ಎಷ್ಟು ಹೋಯಿತು ಅಂತ ತಿಳಿಯಬೇಕಾದರೆ ಮರುರಫ್ತನ್ನು ಕಳೆದು ನೋಡಿ.

ಪ್ರಶ್ನೆ: ಅಮ್ಮಾ, ಅಡಿಕೆ ಆಮದು ಇಷ್ಟೇ ಟನ್ ಅಂತ ಸರ್ಕಾರ ಹೇಳುತ್ತದೆ. ಮಂಡಿಯಲ್ಲಿ ಕೇಳಿದರೆ ಹೊರಗಿನ ಅಡಿಕೆ ಅದಕ್ಕಿಂತ ಎಷ್ಟೋ ಜಾಸ್ತಿ ಓಡಾಡುತ್ತಿದೆ ಅನ್ನುತ್ತಾರೆ. ನಾವು ಯಾರನ್ನು ನಂಬುವುದು?
ಅಡಿಕೆ ಬೆಳೆಗಾರರು, ಸಾಗರ

ಈ ವಿಷಯ ನನಗೆ ಬಹಳ ಹತ್ತಿರದ್ದು, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಯಮ. ಅಡಿಕೆ ಮೇಲೆ ಆಮದು ಸುಂಕ 100 ಪರ್ಸೆಂಟ್. ಜೊತೆಗೆ ಕನಿಷ್ಠ ಆಮದು ಬೆಲೆ ಇದೆ. ಅದು ಕೆ.ಜಿ.ಗೆ 251 ರೂಪಾಯಿ ಇತ್ತು. 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿದರು. ಕ್ವಿಂಟಲ್ ಲೆಕ್ಕದಲ್ಲಿ 35,100. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ಒಳಗೆ ಬರುವ ಹಾಗಿಲ್ಲ. ರಫ್ತಿಗೆಂದೇ ಮಾಲು ತರಿಸುವ ಘಟಕಗಳಿಗೆ ವಿನಾಯಿತಿ ಇದೆ.

ನಿಮ್ಮನ್ನು ಕಾಪಾಡಲು ಮಾಡಿದ ಈ ನಿಯಮವೇ ಅಂಕಿಯನ್ನು ಹೇಗೆ ತಿರುಚುತ್ತದೆ ನೋಡಿ. ಬೇರೆ ಮಾಲಿನಲ್ಲಿ ಜನ ಬೆಲೆ ಇಳಿಸಿ ತೋರಿಸುತ್ತಾರೆ. ಅಡಿಕೆಯಲ್ಲಿ ಏರಿಸಿ ತೋರಿಸುತ್ತಾರೆ. ಇಂಡೋನೇಷ್ಯಾದಲ್ಲಿ ಕಡಿಮೆ ಬೆಲೆಗೆ ಕೊಂಡದ್ದು ಕಾಗದದಲ್ಲಿ 351 ದಾಟುತ್ತದೆ. ಹೆಚ್ಚಿಗೆ ಕಳಿಸಿದ ಹಣ ಬೇರೆ ದಾರಿಯಲ್ಲಿ ವಾಪಸ್ ಬರುತ್ತದೆ. ಹಾಗಾಗಿ ಅಡಿಕೆ ಆಮದಿನ ಅಂಕಿಯನ್ನು ರೂಪಾಯಿಯಲ್ಲಿ ಓದಬೇಡಿ. ಕೆ.ಜಿ.ಯಲ್ಲಿ ಓದಿ.

ಇನ್ನೊಂದು ದಾರಿ ಊರು ಬದಲಿಸುವುದು. ಶ್ರೀಲಂಕಾ ಜೊತೆ ನಮಗೆ ಮುಕ್ತ ವ್ಯಾಪಾರ ಒಪ್ಪಂದ ಇದೆ, ಸುಂಕದಲ್ಲಿ ರಿಯಾಯಿತಿ ಸಿಗುತ್ತದೆ. ಇಂಡೋನೇಷ್ಯಾದ ಅಡಿಕೆ ಕೊಲಂಬೊದಲ್ಲಿ ಇಳಿದು, ಲಂಕಾದಲ್ಲೇ ಬೆಳೆದದ್ದು ಅನ್ನುವ ಪ್ರಮಾಣಪತ್ರ ಹೊತ್ತು ಇಲ್ಲಿಗೆ ಬಂದ ಪ್ರಕರಣಗಳನ್ನು ಸುಂಕಗಳ್ಳತನ ಪತ್ತೆಹಚ್ಚುವ ಡಿಆರ್‌ಐನವರು ಹಿಡಿದಿದ್ದಾರೆ. ಇಂಡೋನೇಷ್ಯಾದ ಪುಸ್ತಕದಲ್ಲಿ ಅದು ಭಾರತಕ್ಕೆ ಬಂದ ಮಾಲೇ ಅಲ್ಲ. ನಮ್ಮ ಪುಸ್ತಕದಲ್ಲಿ ಅದು ಇಂಡೋನೇಷ್ಯಾದ್ದೇ ಅಲ್ಲ.

ಮೂರನೆಯದು ಹೆಸರು ಬದಲಿಸುವುದು. ಪ್ರತಿ ಮಾಲಿಗೂ ಕಸ್ಟಮ್ಸ್‌ನಲ್ಲಿ ಎಚ್ಎಸ್ ಕೋಡ್ ಅನ್ನುವ ಗುರುತಿನ ಸಂಖ್ಯೆ ಇರುತ್ತದೆ, ಅಡಿಕೆಯದು 0802.80. ಕನಿಷ್ಠ ಬೆಲೆ ಇದ್ದದ್ದು ಆ ಕೋಡಿಗೆ. ಅದೇ ಅಡಿಕೆಯನ್ನು "ಹುರಿದ ಅಡಿಕೆ" ಅಂತ ಬರೆದರೆ 20ನೇ ಅಧ್ಯಾಯಕ್ಕೆ, 2008.19ಕ್ಕೆ ಹೋಗುತ್ತದೆ. ಅಲ್ಲಿ ಕನಿಷ್ಠ ಬೆಲೆ ಇರಲಿಲ್ಲ. 2025ರಲ್ಲಿ ಸರ್ಕಾರ ಹುರಿದ ಅಡಿಕೆಗೂ 351ರ ಮಿತಿ ಹಾಕಿತು. ಅಲ್ಲಿಯವರೆಗೆ "ಅಡಿಕೆ ಆಮದು ಎಷ್ಟು" ಅಂತ 0802.80 ಮಾತ್ರ ನೋಡಿದವರಿಗೆ ಈ ಮಾಲು ಕಣ್ಣಿಗೇ ಬೀಳುತ್ತಿರಲಿಲ್ಲ. ಇನ್ನು ಮ್ಯಾನ್ಮಾರ್ ಗಡಿಯಲ್ಲಿ ಕಳ್ಳದಾರಿಯಲ್ಲಿ ಬರುವುದಕ್ಕೆ ಬಿಲ್ ಆಫ್ ಎಂಟ್ರಿಯೇ ಇಲ್ಲ. ಅದು ಯಾವ ಅಂಕಿಯಲ್ಲೂ ಸಿಗುವುದಿಲ್ಲ.

ಒಂದು ಕಡೆ ಮಾತ್ರ ಎಚ್ಚರ. ಭೂತಾನದಿಂದ ವರ್ಷಕ್ಕೆ 17,000 ಟನ್ ತರಿಸಲು 2022ರಲ್ಲಿ ಒಪ್ಪಿಗೆ ಕೊಟ್ಟರು, ಕನಿಷ್ಠ ಬೆಲೆ ಇಲ್ಲದೆ. ಆಗ ಮಲೆನಾಡಿನಲ್ಲಿ ದೊಡ್ಡ ಗದ್ದಲವಾಯಿತು. ಅದು ಹಸಿ ಅಡಿಕೆ. ಒಣಗಿಸಿದರೆ ತೂಕ ಎಷ್ಟು ಇಳಿಯುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಅದನ್ನು ಚಾಲಿ, ರಾಶಿಯಂಥ ಒಣ ಅಡಿಕೆಯ ಟನ್ ಜೊತೆ ನೇರ ಹೋಲಿಸಿದರೆ ನಮ್ಮ ಕಡೆಯ ವಾದವೇ ಸಡಿಲವಾಗುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಸರ್ಕಾರದ ಅಂಕಿ ಬಂದರಿನಲ್ಲಿ ಬರೆಸಿದ್ದರ ಅಂಕಿ. ಮಂಡಿಯವರು ಹೇಳುವುದು ಕಣ್ಣಿಗೆ ಕಂಡದ್ದು. ಎರಡರ ನಡುವೆ ಇರುವುದನ್ನು ಹುಡುಕಬೇಕಾದರೆ ಇಂಡೋನೇಷ್ಯಾ, ಶ್ರೀಲಂಕಾ, ಮ್ಯಾನ್ಮಾರ್ ತೋರಿಸುವ ರಫ್ತನ್ನು ನಮ್ಮ ಆಮದಿನ ಜೊತೆ ಕೆ.ಜಿ. ಲೆಕ್ಕದಲ್ಲಿ ಪ್ರತಿ ತಿಂಗಳೂ ಇಟ್ಟು ನೋಡಬೇಕು. ಬೆಳೆಗಾರರ ಸಂಘಗಳು ದಿಲ್ಲಿಗೆ ಮನವಿ ಕೊಡುವಾಗ ಇದನ್ನು ಕೇಳಲೇಬೇಕು. ಬರೀ "ಆಮದು ನಿಲ್ಲಿಸಿ" ಅಂದರೆ ಸಾಲದು. ಯಾವ ಕೋಡು, ಯಾವ ಬಂದರು, ಯಾವ ದೇಶದ ಪ್ರಮಾಣಪತ್ರ ಅಂತ ಬೆರಳಿಟ್ಟು ತೋರಿಸಿದರೆ ಅಧಿಕಾರಿಗೆ ಜಾರಿಕೊಳ್ಳಲು ಜಾಗ ಇರುವುದಿಲ್ಲ.

ಪ್ರಶ್ನೆ: 2024ರ ನವೆಂಬರಿನಲ್ಲಿ ಚಿನ್ನದ ಆಮದು ದಾಖಲೆ ಮಟ್ಟಕ್ಕೆ ಹೋಯಿತು ಅಂದರು. ಆಮೇಲೆ ಅಲ್ಲ ಅಂದರು. ಏನಾಯಿತು?
ಚಿನ್ನದ ವ್ಯಾಪಾರಿ, ಚಿಕ್ಕಪೇಟೆ, ಬೆಂಗಳೂರು

ಡಿಸೆಂಬರಿನಲ್ಲಿ ಪ್ರಕಟವಾದ ಅಂಕಿ 14.86 ಬಿಲಿಯನ್ ಡಾಲರ್. ಜನವರಿಯಲ್ಲಿ ತಿದ್ದಿದ ಅಂಕಿ 9.84 ಬಿಲಿಯನ್. ಒಂದೇ ತಿಂಗಳ ಒಂದೇ ಮಾಲಿನಲ್ಲಿ 5 ಬಿಲಿಯನ್ ಡಾಲರ್ ಇಲ್ಲವಾಯಿತು. ಇಲ್ಲಿ ಎರಡು ದೇಶಗಳ ವ್ಯತ್ಯಾಸವೂ ಅಲ್ಲ, ನಮ್ಮದೇ ಮನೆಯ ಎರಡು ಪುಸ್ತಕಗಳದ್ದು.

ಚಿನ್ನ ಹೊರಗಿನಿಂದ ಬಂದು ಮೊದಲು ಮುಕ್ತ ವ್ಯಾಪಾರ ಗೋದಾಮು ವಲಯದಲ್ಲಿ ಕೂರುತ್ತದೆ. ಆಗ ಒಂದು ದಾಖಲೆ ಆಗುತ್ತದೆ. ಆಮೇಲೆ ಡ್ಯೂಟಿ ಕಟ್ಟಿ ದೇಶದ ಒಳಗೆ ಬಿಡಿಸಿಕೊಳ್ಳುವಾಗ ಇನ್ನೊಂದು ದಾಖಲೆ. ಈ ಗೋದಾಮು ವಲಯವೂ ಒಂದು ಬಗೆಯ ವಿಶೇಷ ಆರ್ಥಿಕ ವಲಯ, ಅಂಥ ವಲಯಗಳ ದಾಖಲೆಗಳು ಹಿಂದೆ ಬೇರೆ ವ್ಯವಸ್ಥೆಯಲ್ಲಿದ್ದವು. ಅವನ್ನು ಐಸ್‌ಗೇಟ್ ಅನ್ನುವ ಕಸ್ಟಮ್ಸ್‌ನ ಆನ್‌ಲೈನ್ ವ್ಯವಸ್ಥೆಗೆ ತರುವಾಗ ಒಂದೇ ಚಿನ್ನ ಎರಡು ಸಲ ಎಣಿಕೆಗೆ ಸಿಕ್ಕಿತು.

ನನ್ನನ್ನು ಕಾಡಿದ್ದು ತಪ್ಪಲ್ಲ. ಅದನ್ನು ಎಲ್ಲರೂ ಎಷ್ಟು ಸಲೀಸಾಗಿ ನಂಬಿದರು ಅನ್ನುವುದು. ಆ ವರ್ಷ ಜುಲೈ ಬಜೆಟ್‌ನಲ್ಲಿ ಚಿನ್ನದ ಸುಂಕವನ್ನು 15ರಿಂದ 6 ಪರ್ಸೆಂಟ್‌ಗೆ ಇಳಿಸಿದ್ದರು. ಮದುವೆ ಸೀಸನ್ ಬೇರೆ. "ಸುಂಕ ಇಳಿಸಿದ್ದಕ್ಕೇ ಹೀಗಾಯಿತು" ಅನ್ನುವ ಮಾತು ಎಲ್ಲ ಕಡೆ ಓಡಾಡಿತು. ವ್ಯಾಪಾರ ಕೊರತೆ ದಾಖಲೆ ಮಟ್ಟ ಮುಟ್ಟಿತು ಅಂತ ರೂಪಾಯಿ ಮೇಲೂ ಒತ್ತಡ ಬಂತು. ನಿಮ್ಮ ಬೀದಿಯಲ್ಲಿ ಕೂತವರಿಗೆ ಅಂಗಡಿಗೆ ಆ ಪ್ರಮಾಣದ ಚಿನ್ನ ಬಂದಿಲ್ಲ ಅಂತ ಗೊತ್ತಿತ್ತು. ಯಾರೂ ಕೇಳಲಿಲ್ಲ.

ನಮ್ಮ ಚಿನ್ನದಲ್ಲಿ ದೊಡ್ಡ ಪಾಲು ಸ್ವಿಟ್ಜರ್ಲೆಂಡಿನಿಂದ ಬರುತ್ತದೆ. ಅಲ್ಲಿ ಗಣಿ ಇದೆ ಅಂತಲ್ಲ, ಶುದ್ಧ ಮಾಡುವ ರಿಫೈನರಿಗಳು ಅಲ್ಲಿವೆ. ಯಾವ ದೇಶಕ್ಕೆ ಎಷ್ಟು ಚಿನ್ನ ಹೋಯಿತು ಅಂತ ಸ್ವಿಸ್ ಕಸ್ಟಮ್ಸ್ ಈಗ ಪ್ರತಿ ತಿಂಗಳೂ ಪ್ರಕಟಿಸುತ್ತದೆ. 2014ಕ್ಕೆ ಮೊದಲು ದೇಶವಾರು ಕೊಡುತ್ತಲೇ ಇರಲಿಲ್ಲ. ಇಂಥ ಎದುರು ಲೆಕ್ಕವನ್ನು ಪಕ್ಕದಲ್ಲಿ ಇಟ್ಟುಕೊಂಡು ನೋಡುವ ಅಭ್ಯಾಸ ಇದ್ದರೆ ಅನುಮಾನ ಬೇಗ ಹುಟ್ಟುತ್ತದೆ.

ಪ್ರಶ್ನೆ: ಇದೆಲ್ಲ ಸರಿ. ಕೊನೆಗೆ ಈ ವ್ಯತ್ಯಾಸ ಅಂದರೆ ಕಪ್ಪುಹಣ, ಹವಾಲಾ ಅಂತಲೇ ಅಲ್ಲವೇ? ಸುಮ್ನೆ ಯಾಕೆ ಸುತ್ತಿ ಬಳಸಿ ಹೇಳಬೇಕು?
ನಿವೃತ್ತ ಮುಖ್ಯೋಪಾಧ್ಯಾಯರು, ಧಾರವಾಡ

ಅಲ್ಲ ಸರ್. ಹಾಗೆ ಅವಸರ ಮಾಡಿದವರು ಏನಾದರು ಅಂತ ಒಂದು ಉದಾಹರಣೆ ಕೊಡುತ್ತೇನೆ. 2016ರಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ ಅಂಕ್ಟಾಡ್ ಒಂದು ವರದಿ ಹೊರತಂದಿತು. ದಕ್ಷಿಣ ಆಫ್ರಿಕಾದ ಚಿನ್ನದ ರಫ್ತಿನಲ್ಲಿ 2000ರಿಂದ 2014ರವರೆಗೆ 78 ಬಿಲಿಯನ್ ಡಾಲರ್‌ಗೂ ಜಾಸ್ತಿ ಲೆಕ್ಕಕ್ಕೆ ಸಿಕ್ಕಿಲ್ಲ ಅಂತ ಅದರಲ್ಲಿತ್ತು. ದೇಶವೇ ದಂಗಾಯಿತು. ಆಮೇಲೆ ನೋಡಿದರೆ, ಆ ವರ್ಷಗಳಲ್ಲಿ ಬಹುಪಾಲು ದಕ್ಷಿಣ ಆಫ್ರಿಕಾ ತನ್ನ ಚಿನ್ನವನ್ನು ದೇಶವಾರು ಪಟ್ಟಿಯಲ್ಲಿ ತೋರಿಸುತ್ತಲೇ ಇರಲಿಲ್ಲ. ಬೇರೆ ತಲೆಬರಹದಡಿ ಒಟ್ಟಿಗೆ ತೋರಿಸುತ್ತಿತ್ತು. ಕೊಂಡ ದೇಶಗಳ ಪುಸ್ತಕದಲ್ಲಿ ಚಿನ್ನ ಇತ್ತು, ಇವರ ಆ ಪುಟದಲ್ಲಿ ಇರಲಿಲ್ಲ. ವರದಿಯನ್ನು ಅದೇ ವರ್ಷದ ಕೊನೆಗೆ ತಿದ್ದಿ ಮತ್ತೆ ಹೊರತರಬೇಕಾಯಿತು. ಜಾಂಬಿಯಾದ ತಾಮ್ರವೂ ಹಾಗೇ. ಅವರ ಲೆಕ್ಕದಲ್ಲಿ ಅದು ಸ್ವಿಟ್ಜರ್ಲೆಂಡಿಗೆ ಹೋಗುತ್ತದೆ. ಸ್ವಿಸ್ ಲೆಕ್ಕದಲ್ಲಿ ಬಂದೇ ಇಲ್ಲ. ಕೊಂಡದ್ದು ಸ್ವಿಸ್ ಕಂಪನಿ, ಹಡಗು ಹೋದದ್ದು ಬೇರೆ ದೇಶಕ್ಕೆ.

ಹಾಗಂತ ಕಳ್ಳತನ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಅದನ್ನು ಗುರುತಿಸಲು ಒಂದು ಒಳ್ಳೆಯ ದಾರಿ ಸುಂಕ. ಎರಡು ದೇಶಗಳ ಅಂಕಿಯ ಅಂತರವನ್ನು ಮಾಲುವಾರು ಬಿಡಿಸಿ, ಪ್ರತಿ ಮಾಲಿನ ಸುಂಕ ಪಕ್ಕದಲ್ಲಿ ಬರೆಯಿರಿ. ಸುಂಕ ಜಾಸ್ತಿ ಇದ್ದಲ್ಲಿ ಅಂತರವೂ ಜಾಸ್ತಿ ಇದ್ದರೆ ಅದು ಬಾಡಿಗೆ, ವಿಮೆಯ ವ್ಯತ್ಯಾಸ ಅಲ್ಲ. ಎದುರು ದೇಶದ ಅಂಕಿ ಇಟ್ಟು ಹೀಗೆ ನೋಡುವುದನ್ನು ನಮ್ಮವರೇ ಆದ ಅರ್ಥಶಾಸ್ತ್ರಜ್ಞ ಜಗದೀಶ ಭಗವತಿ 1964ರಲ್ಲೇ ಟರ್ಕಿಯ ಆಮದಿನ ಮೇಲೆ ಮಾಡಿ ತೋರಿಸಿದ್ದರು. 2004ರಲ್ಲಿ ಫಿಸ್ಮನ್ ಮತ್ತು ವೇಯ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಹಾಂಗ್‌ಕಾಂಗ್‌ನಿಂದ ಚೀನಾಕ್ಕೆ ಹೋಗುವ ಮಾಲಿನ ಲೆಕ್ಕ ತೆಗೆದರು. ತೆರಿಗೆ ದರ 1 ಪಾಯಿಂಟ್ ಏರಿದರೆ ತಪ್ಪಿಸುವುದು ಸುಮಾರು 3 ಪರ್ಸೆಂಟ್ ಏರುತ್ತದೆ ಅಂತ ಅವರಿಗೆ ಕಂಡಿತು. ಅಮೆರಿಕದಲ್ಲೂ ಇದನ್ನೇ ಕಂಡೆವು. ಮೊದಲು ಚೀನಾ ಹೇಳುವ ರಫ್ತಿಗಿಂತ ಅಮೆರಿಕ ಹೇಳುವ ಆಮದು ದೊಡ್ಡದಿತ್ತು. 2018ರಿಂದ ಅಮೆರಿಕ ಚೀನಾ ಮಾಲಿನ ಮೇಲೆ ಸುಂಕ ಹೇರಿತು. ಕೆಲವೇ ವರ್ಷಗಳಲ್ಲಿ ಅದು ತಿರುಗಾಮುರುಗಾ ಆಯಿತು. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕವೇ ಇರಲಿಲ್ಲವಾದ್ದರಿಂದ ಸಣ್ಣ ಪೊಟ್ಟಣಗಳಲ್ಲಿ ಹೋಗಿದ್ದೂ ಬಹಳ.

ನಮ್ಮ ರಾಜ್ಯದಲ್ಲೇ ಇದಕ್ಕಿಂತ ದೊಡ್ಡ ಪಾಠ ಇದೆ. ಬಳ್ಳಾರಿ ಅದಿರು. ಗಣಿ ಇಲಾಖೆ ಎಷ್ಟು ಟನ್ನಿಗೆ ಪರ್ಮಿಟ್ ಕೊಟ್ಟಿದೆ, ಬಂದರುಗಳಿಂದ ಎಷ್ಟು ಟನ್ ಹಡಗು ಹತ್ತಿದೆ? ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿ ಈ ಎರಡು ಅಂಕಿಗಳನ್ನು ಎದುರುಬದುರು ಕೂರಿಸಿತು. 2006ರಿಂದ 2010ರ ನಡುವೆ ಸುಮಾರು 2.98 ಕೋಟಿ ಟನ್ ಪರ್ಮಿಟ್ ಇಲ್ಲದೆ ಹೊರಗೆ ಹೋಗಿತ್ತು. ಬೆಲೆ 12,228 ಕೋಟಿ ರೂಪಾಯಿ. ಬೇಲೆಕೇರಿ ಬಂದರಿನಲ್ಲಂತೂ 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿ ಇಟ್ಟಿದ್ದ ಅದಿರೇ ಹಡಗು ಹತ್ತಿ ಹೋಯಿತು. ಆ ಹಡಗುಗಳ ರಫ್ತು ದಾಖಲೆ ಇತ್ತು. ಗಣಿಯ ತುದಿಯ ಕಾಗದ ಇರಲಿಲ್ಲ. ಎರಡು ಇಲಾಖೆಗಳ ಫೈಲುಗಳು ಮೊದಲೇ ಒಂದು ಮೇಜಿನ ಮೇಲೆ ಬಂದಿದ್ದರೆ ಆ ಬೆಟ್ಟಗಳಲ್ಲಿ ಒಂದಿಷ್ಟಾದರೂ ಉಳಿಯುತ್ತಿತ್ತು. ಅಂತರ ಕಂಡ ಕೂಡಲೇ ಕಳ್ಳ ಅನ್ನುವುದೂ ತಪ್ಪು, ಅಂತರ ಕಂಡೂ ಸುಮ್ಮನಿರುವುದು ಅದಕ್ಕಿಂತ ದೊಡ್ಡ ತಪ್ಪು ಅಂತ ನಾನು ಹೇಳುವುದು ಈ ಕಾರಣಕ್ಕೆ.

ಪ್ರಶ್ನೆ: ನಾನು ಇಲ್ಲಿ ಸರಕು ಸಾಗಣೆ ಕಂಪನಿಯಲ್ಲಿದ್ದೇನೆ. ಎರಡು ದೇಶಗಳ ಅಂಕಿ ಸರಿಹೊಂದುವ ಹಾಗೆ ಮಾಡಲು ಸಾಧ್ಯವೇ ಇಲ್ಲವೇ?
ಕನ್ನಡಿಗರು, ಟೊರೊಂಟೊ

ನೀವಿರುವ ದೇಶವೇ ಮಾಡಿ ತೋರಿಸಿದೆಯಲ್ಲ! 1990ರಿಂದ ಕೆನಡಾ ಮತ್ತು ಅಮೆರಿಕ ಪರಸ್ಪರ ಆಮದು ದಾಖಲೆ ಹಂಚಿಕೊಳ್ಳುತ್ತಿವೆ. ಕೆನಡಾದಿಂದ ಅಮೆರಿಕಕ್ಕೆ ಆದ ರಫ್ತು ಎಷ್ಟು ಅಂತ ಕೆನಡಾ ಎಣಿಸುವುದಿಲ್ಲ. ಅಮೆರಿಕದ ಆಮದು ಅಂಕಿಯನ್ನೇ ತೆಗೆದುಕೊಳ್ಳುತ್ತದೆ. ಅಮೆರಿಕವೂ ಹಾಗೇ. ಆಮದಿನ ಕಾಗದವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಆಮದಾದ ಮಾಲಿಗೆ ಸುಂಕ ಇರುವುದರಿಂದ ಅಧಿಕಾರಿ ಸಾಲು ಸಾಲು ನೋಡುತ್ತಾನೆ. ರಫ್ತಿನ ಕಾಗದವನ್ನು ಅಷ್ಟು ಸೂಕ್ಷ್ಮವಾಗಿ ಯಾರೂ ನೋಡುವುದಿಲ್ಲ. ನಮ್ಮ ಆಫೀಸಿನಲ್ಲೂ ಬಿಲ್ ಆಫ್ ಎಂಟ್ರಿಗೆ ಕೊಡುತ್ತಿದ್ದ ಗಮನ ಶಿಪ್ಪಿಂಗ್ ಬಿಲ್‌ಗೆ ಸಿಗುತ್ತಿರಲಿಲ್ಲ.

ಇದರ ಎದುರು ತುದಿಯೂ ಇದೆ. ಇಂಡೋನೇಷ್ಯಾ ಜೊತೆಗಿನ ತನ್ನ ವ್ಯಾಪಾರದ ಅಂಕಿಯನ್ನು ಸಿಂಗಾಪುರ ದಶಕಗಳ ಕಾಲ ಪ್ರಕಟಿಸಲೇ ಇಲ್ಲ. 2003ರ ಹೊತ್ತಿಗೆ ಕೊಡಲು ಶುರುಮಾಡಿತು. ಕಿರ್ಗಿಸ್ತಾನದ ಜೊತೆ 2023ರಲ್ಲಿ ಆದ ವ್ಯಾಪಾರ ಸುಮಾರು 20 ಬಿಲಿಯನ್ ಡಾಲರ್ ಅಂತ ಚೀನಾ ಹೇಳಿದರೆ, ಕಿರ್ಗಿಸ್ತಾನ ಹೇಳಿದ್ದು 5 ಬಿಲಿಯನ್ ಚಿಲ್ಲರೆ.

ಪ್ರಶ್ನೆ: ನಮ್ಮ ಪಿಯುಸಿ ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಬಹುದೇ? ದುಡ್ಡು ಖರ್ಚಿಲ್ಲದೆ?
ಅರ್ಥಶಾಸ್ತ್ರ ಉಪನ್ಯಾಸಕಿ, ಶಿರಸಿ

ಖಂಡಿತ ಮಾಡಿಸಿ. ನಮ್ಮ ವಾಣಿಜ್ಯ ಸಚಿವಾಲಯದ ಜಾಲತಾಣದಲ್ಲಿ ದೇಶವಾರು, ಕೋಡ್‌ವಾರು ಅಂಕಿ ಪುಕ್ಕಟೆ ಸಿಗುತ್ತದೆ. ಎದುರು ದೇಶದ ಅಂಕಿಗೆ ಕಾಮ್‌ಟ್ರೇಡ್ ಅನ್ನುವ ವಿಶ್ವಸಂಸ್ಥೆಯ ವ್ಯಾಪಾರ ಅಂಕಿಗಳ ಜಾಲತಾಣ ನೋಡಿ. ಶಿರಸಿಯ ಮಕ್ಕಳಿಗೆ ಅಡಿಕೆಗಿಂತ ಒಳ್ಳೆಯ ಮಾಲು ಬೇಕೇ? 0802.80 ಹಾಕಲು ಹೇಳಿ. ಒಂದು ಕಡೆ ಇಂಡೋನೇಷ್ಯಾದಿಂದ ಭಾರತಕ್ಕೆ ರಫ್ತು, ಇನ್ನೊಂದು ಕಡೆ ಭಾರತಕ್ಕೆ ಇಂಡೋನೇಷ್ಯಾದಿಂದ ಆಮದು. ಎರಡರಲ್ಲೂ ಕ್ಯಾಲೆಂಡರ್ ವರ್ಷವೇ ಇರಲಿ, ಕೆ.ಜಿ.ಯೇ ಇರಲಿ. ಆಮೇಲೆ ಅದನ್ನೇ ಶ್ರೀಲಂಕಾಕ್ಕೂ ಮಾಡಿಸಿ. ಇಂಡೋನೇಷ್ಯಾದಿಂದ ಶ್ರೀಲಂಕಾಕ್ಕೆ ಎಷ್ಟು ಹೋಗಿದೆ ಅಂತಲೂ ಒಂದು ಸಾಲು ಇರಲಿ. ಕೋಡ್‌ನ ಮೊದಲ ಆರು ಅಂಕಿ ಮಾತ್ರ ಎಲ್ಲ ದೇಶಕ್ಕೂ ಒಂದೇ, ಉಳಿದದ್ದು ಒಂದೊಂದು ದೇಶದ್ದು ಒಂದೊಂದು ಥರ. ಹಾಗಾಗಿ ಆರಕ್ಕೇ ನಿಲ್ಲಿಸಿ. 2012ಕ್ಕೆ ಮೊದಲು ಅಡಿಕೆಗೆ ಸ್ವಂತ ಆರಂಕಿ ಕೋಡ್ ಇರಲಿಲ್ಲ, 0802.90ರಲ್ಲಿ ಬೇರೆ ಬೀಜಗಳ ಜೊತೆ ಸೇರಿತ್ತು. ಹಳೆಯ ವರ್ಷಗಳನ್ನು ಇದರ ಜೊತೆ ಬೆರೆಸಬೇಡಿ. ಮಕ್ಕಳು ಮಾಡಿದ ಪಟ್ಟಿಯನ್ನು ನನಗೂ ಕಳಿಸಿ.